ಬಾಗುವ ನಡು, ಬಿಗಿಯುವ ತೊಡೆ

ಆಷಾಢದ ಮಳೆ ಹಿಡಿದ ದಿನಗಳಲ್ಲಿ ಮಲೆನಾಡಿನ ಗದ್ದೆಯ ಬದುವಿನ ಮೇಲೆ ನಿಂತು ನಾಟಿಯ ಕೆಲಸವನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಗೊರಬು ಹೊದ್ದು ಸಾಲಾಗಿ ಬಾಗಿ ನಿಂತ ಹೆಂಗಸರು ಎಡಗೈಯಲ್ಲಿ ಸಸಿಯ ಕಟ್ಟನ್ನು ಹಿಡಿದು, ಬಲಗೈಯ ಬೆರಳುಗಳಿಂದ ಎರಡು ಮೂರು ಸಸಿಗಳನ್ನು ಒಮ್ಮೆಗೇ ಕೆಸರಿನೊಳಕ್ಕೆ ಒತ್ತುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತ ಹೋಗುವಾಗ ಅವರ ಮಂಡಿಗಳು ಬಹುಮಟ್ಟಿಗೆ ನೇರವಾಗಿಯೇ ಇರುತ್ತವೆ. ಬೆನ್ನು ಬಿಲ್ಲಿನಂತೆ ಡೊಂಕಾಗದೆ ಹಲಗೆಯಂತೆ ಚಾಚಿಕೊಂಡಿರುತ್ತದೆ. ಬಾಗುವ ಕಾರ್ಯದ ಹೆಚ್ಚಿನ ಪಾಲು ತೊಡೆಯೂ ಮುಂಡವೂ ಕೂಡುವ ಸಂದಿನಲ್ಲಿಯೇ ನಡೆಯುತ್ತಿರುತ್ತದೆ. ಅದೇ ಬದುವಿನ ಮೇಲೆ ಕೈಜಾರಿ ಬಿದ್ದ ಕೊಡೆಯನ್ನು ಎತ್ತಿಕೊಳ್ಳಲು, ದಿನವೆಲ್ಲ ಕುರ್ಚಿಯಲ್ಲಿ ಕುಳಿತು ಕಳೆಯುವ ನಮ್ಮಂಥವರು ಮಂಡಿ ಮಡಿಸದೆ ಬಾಗಿದೆವಾದರೆ, ತೊಡೆಯ ಹಿಂದೆ ಯಾರೋ ಹಗ್ಗ ಬಿಗಿದು ಜಗ್ಗಿದಂತಾಗಿ, ಸೊಂಟ ಅರ್ಧದಲ್ಲಿಯೇ ತಡೆದು ನಿಂತು, ಉಳಿದ ದೂರವನ್ನು ಬೆನ್ನನ್ನು ಗೂನು ಮಾಡಿ ಹೇಗೋ ಪೂರೈಸಬೇಕಾಗುತ್ತದೆ.

ಈ ಎರಡು ಬಗೆಯ ಬಾಗುವಿಕೆಯನ್ನು ಕಂಡವನಿಗೆ ಒಂದು ನಿರ್ಣಯ ತಾನಾಗಿಯೇ ಹೊಳೆಯುತ್ತದೆ. ತೊಡೆಯ ಹಿಂದಣ ಸ್ನಾಯು ಬಿಗಿಯಾಗಿರುವವನ ಬೆನ್ನು ನೋಯುವುದು ಸಹಜ. ಆ ಬಿಗಿಯನ್ನು ಸಡಿಲಿಸಿದರೆ ನೋವು ತೊಲಗುವುದೂ ಅಷ್ಟೇ ಸಹಜ. ವ್ಯಾಯಾಮಶಾಲೆಯ ಗುರುಗಳೂ ಯೋಗದ ಉಪಾಧ್ಯಾಯರೂ ಎಷ್ಟೋ ಮಂದಿ ವೈದ್ಯರೂ ಬಹುಕಾಲದಿಂದ ಇದನ್ನೇ ಉಪದೇಶಿಸುತ್ತ ಬಂದಿದ್ದಾರೆ. ಆದರೆ ಸಂಜೆ ಗದ್ದೆಯಿಂದ ಮನೆಗೆ ಬಂದು, ಹಂಡೆಯ ಬಿಸಿನೀರನ್ನು ಸೊಂಟಕ್ಕೆ ಹುಯ್ದುಕೊಳ್ಳುತ್ತ, "ನಡು ಮುರಿದೇ ಹೋಯ್ತು" ಎಂದು ನಿಟ್ಟುಸಿರಿಡುವವಳು, ಅಂಗೈಯನ್ನು ಸಲೀಸಾಗಿ ನೆಲಕ್ಕೂರಬಲ್ಲ ಆ ನಾಟಿಯ ಹೆಂಗಸೇ. ಹಾಗಾದರೆ ತೊಡೆಯ ಬಿಗಿಗೂ ಬೆನ್ನಿನ ನೋವಿಗೂ ಇರುವ ಸಂಬಂಧವೇನು? ಒಂದು ಮತ್ತೊಂದಕ್ಕೆ ಕಾರಣವೋ, ಎರಡೂ ಬೇರೊಂದರ ಕಾರ್ಯವೋ, ಅಥವಾ ನಾವು ಅಪರಾಧಿಯೆಂದು ಬಗೆದಿರುವುದು ಅಲ್ಲಿ ಕಾವಲು ನಿಂತಿರುವ ಭಟನೋ? ಪ್ರಶ್ನೆ ಅಲ್ಪವಾದುದಲ್ಲ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61 ಕೋಟಿ 90 ಲಕ್ಷ ಮಂದಿ ಸೊಂಟನೋವಿನಿಂದ ಬಳಲುತ್ತಿದ್ದರೆಂದು ರೋಗಭಾರವನ್ನು ಗಣಿಸುವ ಅಂತಾರಾಷ್ಟ್ರೀಯ ತಂಡವು ಅಂದಾಜು ಮಾಡಿದೆ. ಅವರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಯ ನೋವಿಗೆ ಇಂಥದೇ ಮೂಳೆಯ ಅಥವಾ ಇಂಥದೇ ಕೀಲಿನ ದೋಷವೆಂದು ಬೆರಳಿಟ್ಟು ತೋರಿಸುವುದು ವೈದ್ಯಶಾಸ್ತ್ರಕ್ಕೆ ಇಂದಿಗೂ ಸಾಧ್ಯವಾಗಿಲ್ಲ.

ಮೊದಲು ಆ ಸ್ನಾಯುಗಳನ್ನು ಕೈಯಿಂದಲೇ ಮುಟ್ಟಿ ಪರಿಚಯ ಮಾಡಿಕೊಳ್ಳೋಣ. ವಾಚಕರು ಕುರ್ಚಿಯಲ್ಲಿ ಕುಳಿತು, ಹಿಮ್ಮಡಿಯನ್ನು ಕುರ್ಚಿಯ ಕಾಲಿಗೆ ಒತ್ತಿ ಹಿಂದಕ್ಕೆ ಎಳೆಯಲು ಯತ್ನಿಸುತ್ತ, ಮಂಡಿಯ ಹಿಂದಣ ಕುಳಿಯ ಎರಡೂ ಪಕ್ಕಗಳನ್ನು ಬೆರಳಿನಿಂದ ತಡವಿ ನೋಡಬೇಕು. ಒಳಪಕ್ಕದಲ್ಲಿ ವೀಣೆಯ ತಂತಿಯಂತೆ ಸೆಟೆದು ನಿಂತ ಒಂದು ಹುರಿಯೂ ಅದರ ಅಡಿಯಲ್ಲಿ ಅದಕ್ಕಿಂತ ದಪ್ಪನಾದ ಇನ್ನೊಂದೂ ಸಿಕ್ಕುತ್ತವೆ. ಹೊರಪಕ್ಕದಲ್ಲಿ ಮತ್ತೊಂದು ಗಟ್ಟಿ ಹುರಿ. ಇವು ಕ್ರಮವಾಗಿ ಸೆಮಿಟೆಂಡಿನೋಸಸ್, ಸೆಮಿಮೆಂಬ್ರನೋಸಸ್, ಬೈಸೆಪ್ಸ್ ಫಿಮೋರಿಸ್ ಎಂಬ ಮೂರು ಸ್ನಾಯುಗಳ ರಜ್ಜುಗಳು. ಮೂರಕ್ಕೂ ಒಟ್ಟಾಗಿ ಹ್ಯಾಮ್‌ಸ್ಟ್ರಿಂಗ್ ಎಂದು ಹೆಸರು. ಕುಳಿತಾಗ ಆಸನಕ್ಕೆ ಒತ್ತುವ, ಪೃಷ್ಠದಡಿಯ ಆ ಗಟ್ಟಿ ಮೂಳೆಯಲ್ಲಿ ಇವು ಹುಟ್ಟಿ, ತೊಡೆಯ ಹಿಂದುಗಡೆಯುದ್ದಕ್ಕೂ ಇಳಿದು, ಮಂಡಿಯನ್ನು ದಾಟಿ, ಮೊಣಕಾಲಿನ ಕೆಳಗಣ ಮೂಳೆಗಳಿಗೆ ಅಂಟಿಕೊಂಡಿವೆ. ಬೈಸೆಪ್ಸಿನ ಒಂದು ಸಣ್ಣ ಕವಲು ಮಾತ್ರ ತೊಡೆಮೂಳೆಯಿಂದಲೇ ಹೊರಡುವುದನ್ನು ಬಿಟ್ಟರೆ ಉಳಿದುದೆಲ್ಲವೂ ಸೊಂಟದ ಕೀಲು, ಮಂಡಿಯ ಕೀಲು ಎಂಬ ಎರಡು ಕೀಲುಗಳ ಮೇಲೆ ಹಾಯ್ದು ಹೋಗುತ್ತದೆ. ಈ ದ್ವಿಸಂಧಿತ್ವವೇ ಮುಂದಿನ ಕಥೆಯ ಮೂಲ.

ಹಳೆಯ ತೋಟಗಳಲ್ಲಿ ನೀರೆತ್ತಲು ನಿಲ್ಲಿಸುತ್ತಿದ್ದ ಏತವನ್ನು ಕಂಡವರಿಗೆ ಇದರ ಯಂತ್ರರಹಸ್ಯ ಒಡನೆಯೇ ತಿಳಿದೀತು. ನೆಟ್ಟ ಕಂಬದ ಮೇಲೆ ತೂಗುವ ಉದ್ದನೆಯ ಮರದ ಹಿಂದಣ ತುದಿಯನ್ನು ನೆಲದ ಗೂಟಕ್ಕೆ ಹಗ್ಗದಿಂದ ಬಿಗಿದರೆ ಮುಂದಣ ತುದಿ ಬಾವಿಯೊಳಕ್ಕೆ ಇಳಿಯಲಾರದು. ನಮ್ಮ ದೇಹದಲ್ಲಿ ತೊಡೆಮೂಳೆಯ ದುಂಡನೆಯ ತಲೆಯೇ ಆ ಕಂಬ, ಸೊಂಟದ ಮೂಳೆಗಳ ಬಳೆಯಾದ ಶ್ರೋಣಿಯೇ ಆ ಮರ, ಹ್ಯಾಮ್‌ಸ್ಟ್ರಿಂಗುಗಳೇ ಆ ಹಗ್ಗ. ನಾವು ಮುಂದಕ್ಕೆ ಬಾಗಿದಾಗ ಶ್ರೋಣಿಯ ಮುಂಭಾಗ ತಗ್ಗಿ ಹಿಂಭಾಗ ಮೇಲೇರಬೇಕು; ಹಗ್ಗ ಗಿಡ್ಡದಾಗಿದ್ದರೆ ಅದು ಏರಲೊಲ್ಲದು. ಬಾಗಲೇಬೇಕಾದ ಮನುಷ್ಯನು ಆ ಕೊರತೆಯನ್ನು ಶ್ರೋಣಿಯ ಮೇಲೆ ಪೇರಿಸಿಟ್ಟ ಐದು ಕಟಿಕಶೇರುಗಳಿಂದಲೂ ಅವುಗಳ ನಡುವಣ ಮೆತ್ತೆಗಳಿಂದಲೂ, ಎಂದರೆ ಡಿಸ್ಕುಗಳಿಂದಲೂ, ಭರ್ತಿ ಮಾಡಿಕೊಳ್ಳುತ್ತಾನೆ. ಆರೋಗ್ಯವಂತನು ನಿಂತು ಪೂರ್ಣವಾಗಿ ಬಾಗಿದಾಗ ಸುಮಾರು 110 ಅಂಶಗಳಷ್ಟು ಕೋನವಾಗುತ್ತದೆಂದೂ, ಅದರಲ್ಲಿ 70ರಷ್ಟು ಸೊಂಟದ ಕೀಲಿನದು, 40ರಷ್ಟು ಮಾತ್ರ ಬೆನ್ನಿನ ಕೆಳಭಾಗದ್ದೆಂದೂ ಅಳತೆಯಿಂದ ತಿಳಿದುಬಂದಿದೆ. ದೊಡ್ಡ ಪಾಲಿನವನು ಕೆಲಸ ಕದ್ದರೆ ಸಣ್ಣ ಪಾಲಿನವನ ಮೇಲೆ ಭಾರ ಬೀಳುವುದು ಮನೆಯಲ್ಲಿ ಹೇಗೋ ಮೈಯಲ್ಲಿಯೂ ಹಾಗೆಯೇ.

ಈ ತರ್ಕಕ್ಕೆ ಲೋಕಪ್ರಸಿದ್ಧಿಯನ್ನು ತಂದುಕೊಟ್ಟವನು ಆಸ್ಟ್ರಿಯದಿಂದ ಅಮೆರಿಕಕ್ಕೆ ವಲಸೆ ಹೋದ ಹ್ಯಾನ್ಸ್ ಕ್ರಾಸ್ ಎಂಬ ವೈದ್ಯ, ಸ್ವತಃ ಪರ್ವತಾರೋಹಿ. ಮಕ್ಕಳ ಮೈಯ ಕನಿಷ್ಠ ಸಾಮರ್ಥ್ಯವನ್ನು ಅಳೆಯಲೆಂದು ಆರು ಸರಳ ಪರೀಕ್ಷೆಗಳನ್ನು ಅವನೂ ಸಂಗಡಿಗರೂ ಏರ್ಪಡಿಸಿದ್ದರು. ಅವುಗಳಲ್ಲೊಂದು ಮಂಡಿ ಮಡಿಸದೆ ಬಾಗಿ ಬೆರಳತುದಿಯಿಂದ ನೆಲವನ್ನು ಮುಟ್ಟುವುದು. 1954ರಲ್ಲಿ ಪ್ರಕಟವಾದ ಫಲಿತಾಂಶವನ್ನು ಕಂಡು ಅಮೆರಿಕ ಬೆಚ್ಚಿಬಿದ್ದಿತು. ಯೂರೋಪಿನ ಮಕ್ಕಳಲ್ಲಿ ನೂರಕ್ಕೆ 8.7ರಷ್ಟು ಮಂದಿ ಈ ಆರರಲ್ಲಿ ಒಂದಾದರೂ ಪರೀಕ್ಷೆಯಲ್ಲಿ ಸೋತಿದ್ದರೆ, ಅಮೆರಿಕದ ಮಕ್ಕಳಲ್ಲಿ ಸೋತವರು ನೂರಕ್ಕೆ 57.9. ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಯುವಜನರ ದೇಹದಾರ್ಢ್ಯಕ್ಕಾಗಿ ಒಂದು ಪರಿಷತ್ತನ್ನೇ ಸ್ಥಾಪಿಸಬೇಕಾಯಿತು. ಐದು ವರ್ಷಗಳ ಬಳಿಕ, ಹಲವು ಶಸ್ತ್ರಕ್ರಿಯೆಗಳಾದ ಮೇಲೂ ಬೆನ್ನುನೋವಿನಿಂದ ನರಳುತ್ತಿದ್ದ ಅಧ್ಯಕ್ಷ ಜಾನ್ ಕೆನಡಿಯನ್ನು ನೋಡಲು ಇದೇ ಕ್ರಾಸನಿಗೆ ಕರೆ ಬಂದಿತು. ಕೆನಡಿಯ ಸ್ನಾಯುಗಳು ದುರ್ಬಲವೂ ಬಿಗುವೂ ಆಗಿವೆಯೆಂದು ಕಂಡು ಅವನು ಕ್ರಮಬದ್ಧವಾದ ವ್ಯಾಯಾಮವನ್ನು ಮಾಡಿಸಿದನು, ಗುಣವೂ ಕಾಣಿಸಿಕೊಂಡಿತು. ಒಬ್ಬ ರಾಷ್ಟ್ರಾಧ್ಯಕ್ಷನ ಬೆನ್ನು ಹಗುರವಾದುದನ್ನು ಲೋಕ ಒಂದು ಸಿದ್ಧಾಂತದ ಜಯವೆಂದೇ ಭಾವಿಸಿತು. ಅಷ್ಟು ಹೊತ್ತಿಗಾಗಲೇ, ಕಾಲು ಚಾಚಿ ಕುಳಿತು ಪಾದಗಳತ್ತ ಕೈ ನೀಡುವ ಪರೀಕ್ಷೆ, 1952ರಲ್ಲಿ ವೆಲ್ಸ್ ಮತ್ತು ಡಿಲನ್ ಎಂಬ ಇಬ್ಬರು ವ್ಯಾಯಾಮಶಿಕ್ಷಕಿಯರು ಪ್ರಕಟಿಸಿದ್ದು, ಶಾಲೆಗಳ ಅಂಗಳವನ್ನು ಪ್ರವೇಶಿಸಿತ್ತು. ಪಾದಾಂಗುಷ್ಠವನ್ನು ಮುಟ್ಟಬಲ್ಲವನು ಆರೋಗ್ಯವಂತ, ಮುಟ್ಟಲಾರದವನು ನಾಳಿನ ರೋಗಿ ಎಂಬ ಭಾವನೆ ಎರಡು ತಲೆಮಾರುಗಳ ಮನಸ್ಸಿನಲ್ಲಿ ಬೇರೂರಿತು.

ಸಿದ್ಧಾಂತ ಎಷ್ಟು ಅಂದವಾಗಿದ್ದರೂ ಅಳತೆಗೋಲಿನ ಮುಂದೆ ಬಂದು ನಿಲ್ಲಲೇಬೇಕು. ಹ್ಯಾಮ್‌ಸ್ಟ್ರಿಂಗ್ ಗಿಡ್ಡವಾದರೆ ನಿಂತಾಗಲೂ ಶ್ರೋಣಿ ಹಿಂದಕ್ಕೆ ಜಗ್ಗಲ್ಪಟ್ಟು ಬೆನ್ನಿನ ಸಹಜವಾದ ಕುಳಿ ಚಪ್ಪಟೆಯಾಗುತ್ತದೆಂಬುದು ಆ ಸಿದ್ಧಾಂತದ ಒಂದು ಶಾಖೆಯಾಗಿತ್ತು. ಅಮೆರಿಕದ ಗಾಜ್ಡೋಸಿಕ್ ಮೊದಲಾದವರು ಅಳೆದು ನೋಡಿದಾಗ ಬಿಗಿತೊಡೆಯವರೂ ಸಡಿಲತೊಡೆಯವರೂ ಸುಮ್ಮನೆ ನಿಂತಿರುವಾಗ ಶ್ರೋಣಿಯ ಓರೆಯಲ್ಲಿ ಗಣನೀಯ ಭೇದ ಕಾಣಲಿಲ್ಲ. ಬಾಗಿದಾಗ ಮಾತ್ರ ಬಿಗಿತೊಡೆಯವರ ಶ್ರೋಣಿ ಕಡಿಮೆ ತಿರುಗುತ್ತಿತ್ತು. ಹಗ್ಗ ಜೋಲು ಬಿದ್ದಿರುವವರೆಗೆ ಅದರ ಉದ್ದ ಎಷ್ಟಾದರೇನು? ಎಸೋಲಾ ಮತ್ತು ಜೊತೆಯವರು 1996ರಲ್ಲಿ, ಹಿಂದೆ ಬೆನ್ನುನೋವು ಬಂದುಹೋದವರನ್ನೂ ಎಂದೂ ಬಾರದವರನ್ನೂ ಬಾಗಿಸಿ ಹೋಲಿಸಿದಾಗ, ಒಟ್ಟು ಬಾಗುವಿಕೆ ಇಬ್ಬರಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿತ್ತಾದರೂ, ನೋವುಂಡವರು ಬಾಗುವ ಮೊದಲ ಹಂತದಲ್ಲಿಯೇ ಬೆನ್ನನ್ನು ಹೆಚ್ಚಾಗಿ ಮಡಿಸುತ್ತಿದ್ದುದೂ ಅವರ ತೊಡೆಗಳು ಹೆಚ್ಚು ಬಿಗಿಯಾಗಿದ್ದುದೂ ಕಂಡುಬಂದಿತು. ಈ ಸೂಕ್ಷ್ಮ ನನಗೆ ಬಹಳ ಮುಖ್ಯವೆಂದು ತೋರುತ್ತದೆ. ದಿನದಲ್ಲಿ ನೂರಾರು ಸಲ ನಾವು ಬಾಗುವುದು ಪೂರ್ತಿಯಾಗಿ ಅಲ್ಲ. ಕೈಕಾಲು ತೊಳೆಯಲು, ಪಾತ್ರೆಯನ್ನು ಒಲೆಯಿಂದಿಳಿಸಲು, ಹಾಸಿಗೆ ಸರಿಪಡಿಸಲು ಅರೆಬಾಗು ಬಾಗುತ್ತೇವೆ. ಬೆನ್ನು ಸವೆಯುವುದಾದರೆ ಈ ಅರೆಬಾಗುಗಳಲ್ಲಿಯೇ ಸವೆಯಬೇಕು.

ಆದರೆ ನೋವುಂಡವರ ತೊಡೆ ಬಿಗಿಯಾಗಿದೆಯೆಂದ ಮಾತ್ರಕ್ಕೆ ಬಿಗಿಯಿಂದ ನೋವು ಬಂದಿತೆಂದಾಗುವುದಿಲ್ಲ. ಮನೆ ಹೊತ್ತಿ ಉರಿಯುವಲ್ಲೆಲ್ಲ ನೀರಿನ ಕೊಡಗಳು ಕಾಣುತ್ತವೆಂದು ಕೊಡದಿಂದ ಬೆಂಕಿ ಹುಟ್ಟಿತೆನ್ನಲಾದೀತೆ? ನೋವಿಲ್ಲದವರನ್ನು ಮೊದಲು ಅಳೆದಿಟ್ಟು, ಮುಂದೆ ಯಾರಿಗೆ ನೋವು ಬರುತ್ತದೆಂದು ಕಾದು ನೋಡಿದಾಗ ಮಾತ್ರ ಪೂರ್ವಾಪರಗಳು ಸ್ಪಷ್ಟವಾದಾವು. ಇಂತಹ ಸಹನೆಯ ಕೆಲಸವನ್ನು ಡೆನ್ಮಾರ್ಕಿನ ಬೀರಿಂಗ್-ಸೋರೆನ್ಸನ್ ಕೈಗೊಂಡನು. 449 ಮಂದಿ ಗಂಡಸರನ್ನೂ 479 ಮಂದಿ ಹೆಂಗಸರನ್ನೂ ಅಳೆದು, ಒಂದು ವರ್ಷ ಕಾದು, 1984ರಲ್ಲಿ ಅವನು ಪ್ರಕಟಿಸಿದ ಫಲಿತಾಂಶ ಎರಡು ಬಗೆಯಾಗಿತ್ತು. ಗಂಡಸರಲ್ಲಿ ಮೊದಲ ಸಲ ಬರುವ ನೋವನ್ನು ತಡೆಯುವಂತೆ ಕಂಡುದು ತೊಡೆಯ ಸಡಿಲವಲ್ಲ, ಬೆನ್ನಿನ ಸ್ನಾಯುಗಳು ದಣಿಯದೆ ಹೊತ್ತುಕೊಂಡಿರಬಲ್ಲ ತಾಳ್ಮೆ. ಅಷ್ಟೇ ಅಲ್ಲ, ಬೆನ್ನು ಅತಿಯಾಗಿ ಬಳುಕುವ ಗಂಡಸರಿಗೆ ನೋವು ಬರುವ ಸಂಭವ ಹೆಚ್ಚಾಗಿತ್ತು. ಬೆನ್ನಿನ ಮತ್ತು ಹ್ಯಾಮ್‌ಸ್ಟ್ರಿಂಗುಗಳ ಬಿಗಿಯಾದರೋ, ನೋವು ಹಿಂದೆಯೇ ಬಂದುಹೋಗಿ ಮರುಕಳಿಸುತ್ತಿದ್ದವರಲ್ಲಿ, ಹೋದ ಅತಿಥಿಯ ಹೆಜ್ಜೆಗುರುತಿನಂತೆ, ಶೇಷಲಕ್ಷಣವಾಗಿ ಉಳಿದಿತ್ತು.

ಮಕ್ಕಳ ವಿಷಯದಲ್ಲಿ ಚಿತ್ರ ಸ್ವಲ್ಪ ಬೇರೆ. ಕೆನಡದ ಮಾಂಟ್ರಿಯಲ್ ನಗರದ 502 ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಒಂದು ವರ್ಷ ಅನುಸರಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ಬೆನ್ನುನೋವು ತಂದುಕೊಂಡವರೊಡನೆ ಐದು ಸಂಗತಿಗಳು ತಳುಕು ಹಾಕಿಕೊಂಡಿದ್ದುವು: ಒಮ್ಮೆಗೇ ಎತ್ತರ ಬೆಳೆದಿರುವುದು, ಧೂಮಪಾನ, ಓದಿನ ಜೊತೆಗೆ ದುಡಿಮೆ, ತೊಡೆಯ ಮುಂದಣ ಸ್ನಾಯುಗಳ ಬಿಗಿ, ಹಿಂದಣ ಸ್ನಾಯುಗಳ ಬಿಗಿ. 2017ರಲ್ಲಿ ಸ್ಯಾಡ್ಲರ್ ಮತ್ತು ಜೊತೆಯವರು ಇಂತಹ ಹನ್ನೆರಡು ಕಾದುನೋಡಿದ ಅಧ್ಯಯನಗಳನ್ನೂ ಅವುಗಳಲ್ಲಿನ 5,459 ಮಂದಿಯನ್ನೂ ಒಟ್ಟುಗೂಡಿಸಿ ತೂಗಿದಾಗ, ಹ್ಯಾಮ್‌ಸ್ಟ್ರಿಂಗಿನ ಬಿಗಿ ಮುಂಬರುವ ನೋವಿನ ಸೂಚಕವೇ ಹೌದೆಂದು ತೋರಿತು. ಆದರೆ ಆ ಸೂಚನೆಯ ಬಲ ಕಿರಿದು. ಆದುದರಿಂದ ಸಂಬಂಧವೇ ಇಲ್ಲವೆಂದು ತಳ್ಳಿಹಾಕುವವರೂ, ಇದೇ ಮೂಲಕಾರಣವೆಂದು ಸಾರುವವರೂ ಸಮವಾಗಿ ತಪ್ಪುತ್ತಾರೆ.

ಈಗ ಪ್ರಶ್ನೆಯನ್ನು ಮಗುಚಿ ಹಾಕೋಣ. ಬೆನ್ನಿನ ತೊಂದರೆಯೇ ತೊಡೆಯನ್ನು ಬಿಗಿಯಬಹುದಲ್ಲವೆ? ಇದಕ್ಕೆ ನಿದರ್ಶನ ಬೆಳೆಯುವ ಹುಡುಗರಲ್ಲಿ ಸಿಕ್ಕುತ್ತದೆ. ಕಟಿಭಾಗದ ಕೊನೆಯ ಕಶೇರು ತನ್ನ ಕೆಳಗಿನದರ ಮೇಲೆ ಮುಂದಕ್ಕೆ ಜಾರುವ ರೋಗವೊಂದುಂಟು. ಅದು ತಗುಲಿದ ಹುಡುಗನು ಮಂಡಿಯನ್ನು ತುಸು ಮಡಿಸಿ, ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು ಬಿರುಸಾಗಿ ನಡೆಯುತ್ತಾನೆ. ಮಲಗಿಸಿ ಕಾಲನ್ನೆತ್ತಿದರೆ ಕಾಲಿನೊಡನೆ ಸೊಂಟವೂ ಒಂದೇ ಹಲಗೆಯಂತೆ ಮೇಲೇಳುವಷ್ಟು ಅವನ ತೊಡೆಗಳು ಸೆಟೆದಿರುತ್ತವೆ. ಅಮೆರಿಕದ ಶಸ್ತ್ರವೈದ್ಯರಾದ ಫೇಲನ್ ಮತ್ತು ಡಿಕ್ಸನ್ 1961ರಲ್ಲಿ ಈ ಜೋಡಿಯನ್ನು ವಿವರಿಸಿದರು. ಇಲ್ಲಿ ತೊಡೆಯ ಬಿಗಿಯಿಂದ ಕಶೇರು ಜಾರಿದುದಲ್ಲ. ಜಾರಿದ ಕಶೇರನ್ನೂ ಅದರ ಬಳಿ ಹಾಯುವ ನರಗಳನ್ನೂ ಕದಲದಂತೆ ಕಾಪಾಡಲು ದೇಹವು ಆ ಸ್ನಾಯುಗಳನ್ನು ಬಿಗಿಹಿಡಿದುದೆಂಬುದೇ ಯುಕ್ತವಾದ ವ್ಯಾಖ್ಯಾನ. ಇಂತಹ ಹುಡುಗನಿಗೆ ಮೈ ಬಗ್ಗದ ಸೋಮಾರಿಯೆಂದು ಹೆಸರಿಟ್ಟು ವ್ಯಾಯಾಮದ ಅಂಗಳದಲ್ಲಿ ಬೆನ್ನೊತ್ತಿ ಬಾಗಿಸುವುದು ಎಷ್ಟು ದೊಡ್ಡ ಅನ್ಯಾಯ!

ನಮ್ಮ ಜನ ಈ ಬಿಗಿಗೆ ಸ್ನಾಯುವಿನ ಹೆಸರನ್ನು ಹೇಳುವುದೇ ಇಲ್ಲ. "ಮಂಡಿಯ ಹಿಂದೆ ನರ ಎಳೆಯುತ್ತದೆ", "ನರ ಹಿಡಿದುಕೊಂಡಿದೆ" ಎನ್ನುವುದೇ ರೂಢಿ. ಓದಿದವರು ಇದನ್ನು ಕೇಳಿ, ಸ್ನಾಯುರಜ್ಜುವಿಗೂ ನರಕ್ಕೂ ಭೇದವರಿಯದ ಮಾತೆಂದು ತಿದ್ದುತ್ತೇವೆ. ತಿದ್ದುವ ಮೊದಲು ಒಂದು ಪ್ರಯೋಗವನ್ನು ಮಾಡಿ ನೋಡತಕ್ಕದ್ದು. ಮಂಚದ ಅಂಚಿನಲ್ಲಿ ಕುಳಿತು, ಬೆನ್ನನ್ನು ಕುಗ್ಗಿಸಿ, ಗದ್ದವನ್ನು ಎದೆಗೆ ತಾಗುವಷ್ಟು ತಲೆ ಬಾಗಿಸಿ, ಒಂದು ಮಂಡಿಯನ್ನು ಮೆಲ್ಲನೆ ನೇರ ಮಾಡುತ್ತ ಹೋಗಬೇಕು. ತೊಡೆಯ ಹಿಂದೆ ಸೆಳೆತ ಹುಟ್ಟಿ ಕಾಲು ಒಂದೆಡೆ ತಡೆದು ನಿಲ್ಲುತ್ತದೆ. ಅಲ್ಲಿಯೇ ನಿಲ್ಲಿಸಿ, ಬೇರಾವುದನ್ನೂ ಕದಲಿಸದೆ, ತಲೆಯನ್ನು ಮಾತ್ರ ಮೇಲೆತ್ತಬೇಕು. ಬಹುಮಂದಿಯಲ್ಲಿ ಆ ಕ್ಷಣವೇ ಸೆಳೆತ ಸಡಿಲಿ, ಕಾಲು ಇನ್ನೂ ಕೆಲವು ಅಂಗುಲ ಮುಂದಕ್ಕೆ ಸಾಗುತ್ತದೆ! ಹ್ಯಾಮ್‌ಸ್ಟ್ರಿಂಗ್ ಕೊರಳಿನವರೆಗೆ ಹೋಗಿಲ್ಲ. ತಲೆಯೆತ್ತಿದರೆ ಅದಕ್ಕೇನೂ ಆಗಬೇಕಾಗಿಲ್ಲ. ಆದರೆ ಮಿದುಳಿನಿಂದ ಇಳಿದ ಮಿದುಳುಬಳ್ಳಿ, ಅದರ ಹೊದಿಕೆ, ಅಲ್ಲಿಂದ ಹೊರಟು ತೊಡೆಯ ಹಿಂದೆ ಹರಿಯುವ ಹೆಬ್ಬೆರಳ ಗಾತ್ರದ ಸಯಾಟಿಕ್ ನರ, ಇವೆಲ್ಲವೂ ಒಂದೇ ಎಳೆಯಾಗಿ ನೆತ್ತಿಯಿಂದ ಪಾದದವರೆಗೆ ಹಬ್ಬಿವೆ. ಒಂದೆಡೆ ಜಗ್ಗಿದರೆ ಮತ್ತೊಂದೆಡೆ ಬಿಗಿಯುತ್ತದೆ. ಆಸ್ಟ್ರೇಲಿಯದ ಮೇಟ್‌ಲ್ಯಾಂಡ್ ಎಂಬ ಭೌತಚಿಕಿತ್ಸಕನು ಈ ಪರೀಕ್ಷೆಯನ್ನು ಬಳಕೆಗೆ ತಂದನು. ನಾವು ಸ್ನಾಯುವಿನ ಬಿಗಿಯೆಂದು ಅನುಭವಿಸುವುದರಲ್ಲಿ ಒಂದು ಪಾಲು ನಿಜವಾಗಿಯೂ ನರದ್ದೇ. ನಮ್ಮ ಅಜ್ಜಿಯರ ಮಾತು ಅಷ್ಟೇನೂ ತಪ್ಪಿರಲಿಲ್ಲ.

ಕಾಲೆತ್ತುವ ಪರೀಕ್ಷೆಯ ಇತಿಹಾಸವೂ ಸ್ವಾರಸ್ಯವಾದುದು. ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಿಯದಂತೆ ಕಾಲನ್ನೆತ್ತಿ, ನೋವು ಯಾವ ಕೋನದಲ್ಲಿ ಎಲ್ಲಿಗೆ ಹರಿಯುತ್ತದೆಂದು ಕೇಳುವ ಈ ವಿಧಾನಕ್ಕೆ ಫ್ರಾನ್ಸಿನ ವೈದ್ಯ ಲಾಸೆಗ್‌ನ ಹೆಸರು ಅಂಟಿಕೊಂಡಿದೆ. ಅವನ ಶಿಷ್ಯ ಫೋರ್ಸ್ಟ್ 1881ರ ತನ್ನ ಪ್ರಬಂಧದಲ್ಲಿ ಅದನ್ನು ವರ್ಣಿಸಿದನು. ಸೆರ್ಬಿಯದ ಲಾಜರೆವಿಚ್, ವೈದ್ಯನೂ ಆ ನಾಡಿನ ಹೆಸರಾಂತ ಕಥೆಗಾರನೂ ಆಗಿದ್ದವನು, 1880ರಲ್ಲಿಯೇ ಇದನ್ನು ಬರೆದಿದ್ದನು. ಆದರೆ ಇವರಿಬ್ಬರಿಗಿಂತ ಎಷ್ಟೋ ಶತಮಾನಗಳ ಮುನ್ನ ಸುಶ್ರುತಸಂಹಿತೆಯ ನಿದಾನಸ್ಥಾನವು ಗೃಧ್ರಸಿ ಎಂಬ ವಾತರೋಗವನ್ನು ಹೇಳುವಾಗ, ಹಿಮ್ಮಡಿ ಮತ್ತು ಬೆರಳುಗಳವರೆಗೆ ಹೋಗುವ ಕಂಡರಗಳು ವಾತಪೀಡಿತವಾಗಿ ಕಾಲನ್ನು ಎತ್ತಲಾರದಂತೆ ತಡೆಯುವುದನ್ನೇ ಅದರ ಲಕ್ಷಣವನ್ನಾಗಿ ಕೊಟ್ಟಿದೆ. ಕಂಡರವೆಂದರೆ ರಜ್ಜುವೋ ನರವೋ ಎಂದು ಪಂಡಿತರು ಚರ್ಚಿಸಬಹುದು. ಕಾಲೆತ್ತಿ ನೋಡಿದವನ ಕಣ್ಣು ಮಾತ್ರ ಚುರುಕಾಗಿತ್ತು. ಇಂದಿನ ವೈದ್ಯರು ಇನ್ನೊಂದು ಉಪಾಯವನ್ನು ಸೇರಿಸುತ್ತಾರೆ. ಕಾಲನ್ನೆತ್ತಿ ಸೆಳೆತ ಬಂದೆಡೆ ನಿಲ್ಲಿಸಿ ಪಾದವನ್ನು ಮೊಣಕಾಲಿನ ಕಡೆಗೆ ಮಡಿಸಿದಾಗ, ನೋವು ಮೀನಖಂಡದ ಕೆಳಗೂ ಹರಿದು ಹೆಚ್ಚಾದರೆ ನರದ ಮೇಲೆ ಸಂಶಯ. ಏಕೆಂದರೆ ಹ್ಯಾಮ್‌ಸ್ಟ್ರಿಂಗ್ ಪಾದದ ಕೀಲನ್ನು ದಾಟುವುದಿಲ್ಲ.

ಇಷ್ಟಾದರೂ, ಸಾಧಾರಣ ಬೆನ್ನುನೋವಿನವನಲ್ಲಿ ನರಕ್ಕೆ ಯಾವ ಪೆಟ್ಟೂ ಇಲ್ಲದೆ ತೊಡೆ ಬಿಗಿಯಾಗಿರುತ್ತದೆಯಲ್ಲ, ಅವನ ಸ್ನಾಯುವಾದರೂ ನಿಜವಾಗಿ ಗಡುಸಾಗಿದೆಯೆ? ನೆದರ್‌ಲ್ಯಾಂಡ್ಸಿನ ಹಾಲ್ಬರ್ಟ್ಸ್ಮ ಮತ್ತು ಜೊತೆಯವರು ಕಾಲನ್ನು ಯಂತ್ರದಿಂದ ಎತ್ತಿಸಿ, ಪ್ರತಿಯೊಂದು ಕೋನದಲ್ಲಿಯೂ ಸ್ನಾಯು ಎಷ್ಟು ಬಲದಿಂದ ಎದುರೊತ್ತುತ್ತದೆಂದು ಅಳೆದು, ರೋಗಿಗಳನ್ನು ಆರೋಗ್ಯವಂತರೊಡನೆ ಹೋಲಿಸಿದರು. 2001ರಲ್ಲಿ ಪ್ರಕಟವಾದ ಅವರ ನಿರ್ಣಯ ಈ ಅಧ್ಯಾಯದ ಹೃದಯಸ್ಥಾನದಲ್ಲಿ ಇಡತಕ್ಕಂಥದು: ರೋಗಿಗಳ ಸ್ನಾಯು ಹೆಚ್ಚು ಗಡುಸಾಗಿರಲಿಲ್ಲ, ಸೆಳೆತವನ್ನು ತಾಳುವ ಅವರ ಸಹನೆ ಕಡಿಮೆಯಾಗಿತ್ತು, ಅಷ್ಟೆ. ಹಗ್ಗ ಗಿಡ್ಡವಾಗಿರಲಿಲ್ಲ, ಹಗ್ಗ ಹಿಡಿದ ಕಾವಲುಗಾರ ಬೇಗನೆ ಕೂಗಿಕೊಳ್ಳುತ್ತಿದ್ದನು. ಕೋಪನ್‌ಹೇಗನ್ನಿನಲ್ಲಿ ಮ್ಯಾಗ್ನುಸನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದಕ್ಕೆ ಪೂರಕ. ಮೂರು ವಾರ ಹ್ಯಾಮ್‌ಸ್ಟ್ರಿಂಗನ್ನು ನಿತ್ಯವೂ ಹಿಗ್ಗಿಸಿದವರ ಕಾಲು ಮೊದಲಿಗಿಂತ ಹೆಚ್ಚು ದೂರ ಚಾಚಿತು. ಆದರೆ ಹಳೆಯ ಕೋನದಲ್ಲಿ ಸ್ನಾಯು ಒಡ್ಡುತ್ತಿದ್ದ ಪ್ರತಿರೋಧ ಕಿಂಚಿತ್ತೂ ತಗ್ಗಿರಲಿಲ್ಲ. ಉದ್ದವಾದುದು ಸ್ನಾಯುವಲ್ಲ, ನರಮಂಡಲ ಅದಕ್ಕೆ ಕೊಟ್ಟ ಅಪ್ಪಣೆ.

ಸ್ನಾಯು ನಿಜವಾಗಿ ಎಂದೂ ಉದ್ದಗಿಡ್ಡವಾಗುವುದಿಲ್ಲವೆಂದು ಇದರ ಅರ್ಥವಲ್ಲ. ಸ್ನಾಯುತಂತುವು ಸಾರ್ಕೊಮಿಯರ್ ಎಂಬ, ಮಿಲಿಮೀಟರಿನ ಐನೂರರಲ್ಲೊಂದು ಪಾಲಿನಷ್ಟು ಉದ್ದದ, ಲೆಕ್ಕವಿಲ್ಲದಷ್ಟು ಕೊಂಡಿಗಳಿಂದಾದ ಸರಪಳಿ. ಬೆಕ್ಕಿನ ಕಾಲನ್ನು ನಾಲ್ಕು ವಾರ ಪ್ಲಾಸ್ಟರಿನಲ್ಲಿ ಕಟ್ಟಿ ಅದರ ಮೀನಖಂಡದ ಸ್ನಾಯುವೊಂದನ್ನು ಕುಗ್ಗಿದ ಸ್ಥಿತಿಯಲ್ಲಿಟ್ಟಾಗ ನೂರಕ್ಕೆ 40ರಷ್ಟು ಕೊಂಡಿಗಳು ಕಳಚಿಹೋದುದನ್ನೂ, ಹಿಗ್ಗಿದ ಸ್ಥಿತಿಯಲ್ಲಿಟ್ಟಾಗ 20ರಷ್ಟು ಹೊಸದಾಗಿ ಕೂಡಿದುದನ್ನೂ, ಕಟ್ಟು ಬಿಚ್ಚಿದ ಮೇಲೆ ಮತ್ತೆ ಮೊದಲಿನ ಲೆಕ್ಕಕ್ಕೆ ಬಂದುದನ್ನೂ ತಬಾರಿ ಮೊದಲಾದವರು 1972ರಲ್ಲಿ ತೋರಿಸಿದರು. ಆದರೆ ಹಗಲಿರುಳೂ ಕಟ್ಟಿಟ್ಟ ಕಾಲಿಗೂ, ಬೆಳಿಗ್ಗೆ ಅರೆ ನಿಮಿಷ ಚಾಚಿದ ಕಾಲಿಗೂ ಅಜಗಜಾಂತರ.

ಹಾಗಾದರೆ ಹಿಗ್ಗಿಸುವ ಅಭ್ಯಾಸ ನಿಷ್ಪ್ರಯೋಜಕವೆ? ಇದಕ್ಕೆ ಉತ್ತರ ಹೇಳುವಾಗ ಮೈಸೂರಿನ ನೆನಪು ಬಾರದಿರದು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದರು. 1934ರಲ್ಲಿ 'ಯೋಗಮಕರಂದ'ವನ್ನು ಕನ್ನಡದಲ್ಲಿಯೇ ಬರೆದರು. ಪಶ್ಚಿಮೋತ್ತಾನಾಸನ, ಪಾದಹಸ್ತಾಸನ ಮೊದಲಾದ, ತೊಡೆಯ ಹಿಂಬದಿಯನ್ನೆಲ್ಲ ಚಾಚಿಸುವ ಆಸನಗಳು ಈ ಗುರುಪರಂಪರೆಯಿಂದ ಲೋಕವನ್ನೆಲ್ಲ ವ್ಯಾಪಿಸಿದುವು. ಮೈಸೂರಿನಲ್ಲಿ ಹುಟ್ಟಿದ ಅವರ ಮಗ ದೇಶಿಕಾಚಾರ್ಯರ ಹೆಸರಿನೊಡನೆ ಬೆಳೆದ, ಒಬ್ಬೊಬ್ಬನ ಶಕ್ತಿಗೆ ತಕ್ಕಂತೆ ಆಸನವನ್ನು ಮಾರ್ಪಡಿಸಿಕೊಡುವ ವಿನಿಯೋಗ ಪದ್ಧತಿಯನ್ನು, ಅಮೆರಿಕದ ಸಿಯಾಟಲಿನಲ್ಲಿ ಶೆರ್ಮನ್ ಮತ್ತು ಜೊತೆಯವರು ಪರೀಕ್ಷೆಗೊಡ್ಡಿದರು. ಹಳೆಯ ಬೆನ್ನುನೋವಿನ 228 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಹನ್ನೆರಡು ವಾರ ಯೋಗ, ಇನ್ನೊಂದಕ್ಕೆ ಅಷ್ಟೇ ಕಾಲ ಸಾಮಾನ್ಯ ಹಿಗ್ಗಿಸುವ ವ್ಯಾಯಾಮ, ಮೂರನೆಯದಕ್ಕೆ ಓದಲು ಒಂದು ಪುಸ್ತಕ ಕೊಟ್ಟರು. 2011ರಲ್ಲಿ ಪ್ರಕಟವಾದ ಫಲ: ಯೋಗವೂ ವ್ಯಾಯಾಮವೂ ಪುಸ್ತಕಕ್ಕಿಂತ ಮೇಲು, ಒಂದಕ್ಕಿಂತ ಒಂದು ಮೇಲಲ್ಲ. ಯೋಗಾಭಿಮಾನಿಗಳಿಗೆ ಇದು ತುಸು ನಿರಾಶೆಯ ಮಾತಾದೀತು. ನನಗಾದರೋ ಇದು ಸಂತೋಷದ ಸುದ್ದಿ. ಮೈಯನ್ನು ಭಯವಿಲ್ಲದೆ, ಕ್ರಮವಾಗಿ, ವಾರವಾರವೂ ಚಲಿಸುವುದರಲ್ಲಿಯೇ ಔಷಧಿಯಿದೆಯೆಂದಾದರೆ ಅದು ಆಸನ ಬಾರದ ಬಡವನಿಗೂ ದೊರೆಯುವ ಔಷಧಿ.

ಹ್ಯಾಮ್‌ಸ್ಟ್ರಿಂಗನ್ನು ಹಿಗ್ಗಿಸಬೇಕೆಂಬ ಇಚ್ಛೆಯಿದ್ದವರಿಗೆ ಒಂದೆರಡು ಮಾತು. ಒಂದು ಸಲಕ್ಕೆ 30 ಸೆಕೆಂಡು ಸಾಕು. ಬ್ಯಾಂಡಿ ಮತ್ತು ಐರಿಯನ್ 1994ರಲ್ಲಿ ಹೋಲಿಸಿ ನೋಡಿದಾಗ 60 ಸೆಕೆಂಡು ಹಿಗ್ಗಿಸಿದವರಿಗೆ ಅದಕ್ಕಿಂತ ಹೆಚ್ಚಿನ ಲಾಭವೇನೂ ಆಗಲಿಲ್ಲ. ಬೆನ್ನನ್ನು ಗೂನು ಮಾಡಿ ಬೆರಳು ಮುಟ್ಟಿಸುವುದಕ್ಕಿಂತ, ಒಂದು ಹಿಮ್ಮಡಿಯನ್ನು ಮುಂದಿಟ್ಟು, ಬೆನ್ನನ್ನು ನೀಳವಾಗಿರಿಸಿ, ಸೊಂಟದಿಂದ ಬಾಗುವುದು ಮೇಲು. ಬೆರಳು ಪಾದಕ್ಕೆ ಮುಟ್ಟದಿದ್ದರೆ ಮುಟ್ಟದಿರಲಿ. ಹಾಸಿಗೆಯಿಂದ ಎದ್ದವರೇ ಪೂರ್ತಿ ಬಾಗುವ ಆಸನಗಳಿಗೆ ತೊಡಗಬಾರದು. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ಹಿಂದಿನ ಸಂಜೆಗಿಂತ ನೂರಕ್ಕೊಂದು ಪಾಲಿನಷ್ಟು ಎತ್ತರವಾಗಿರುವುದು ಅದರಿಂದಲೇ. ಉಬ್ಬಿದ ಡಿಸ್ಕಿನ ಬೆನ್ನನ್ನು ಬಾಗಿಸಿದರೆ ಅದರ ಮೇಲಣ ಒತ್ತಡ ಬಹಳ ಹೆಚ್ಚು. ಬೆಳಗಿನ ಹೊತ್ತು ಬೆನ್ನು ಬಾಗಿಸುವುದನ್ನು ತಪ್ಪಿಸಿಕೊಂಡ ಹಳೆಯ ರೋಗಿಗಳ ನೋವು ಕಡಿಮೆಯಾಯಿತೆಂದು ಸ್ನೂಕ್ ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿದ್ದಾರೆ. ಸೂರ್ಯನಮಸ್ಕಾರಕ್ಕೆ ಮುನ್ನ ಎದ್ದು ಓಡಾಡಿ, ಮುಖ ತೊಳೆದು, ಮನೆಗೆಲಸ ಒಂದಿಷ್ಟು ಮುಗಿಸಿದರೆ ಸೂರ್ಯನೇನೂ ಮುನಿಯಲಾರನು. ಎಲ್ಲಕ್ಕಿಂತ ಮುಖ್ಯವಾಗಿ, ಬಾಗುವ ಕ್ರಮವನ್ನೇ ತಿದ್ದಿಕೊಳ್ಳಬೇಕು: ಕೊಡವನ್ನೆತ್ತುವಾಗ ಮಂಡಿಯನ್ನು ತುಸು ಮಡಿಸಿದರೆ ಎರಡು ಕೀಲು ದಾಟುವ ಆ ಹಗ್ಗ ತಕ್ಷಣವೇ ಸಡಿಲಾಗುತ್ತದೆ, ಸೊಂಟ ತಿರುಗುತ್ತದೆ, ಬೆನ್ನು ಉಳಿಯುತ್ತದೆ. ಆರು ವಾರದ ಅಭ್ಯಾಸ ಮಾಡದುದನ್ನು ಮಂಡಿಯ ಒಂದು ಮಡಿಕೆ ಮಾಡುತ್ತದೆ.

ಕೊನೆಯದಾಗಿ, ವಾಚಕರಲ್ಲಿ ಒಂದು ವಿಜ್ಞಾಪನೆ. ತೊಡೆಯ ಬಿಗಿಯೊಡನೆ ಪಾದವನ್ನೆತ್ತಲು ಬಲ ಸಾಲದಾದರೆ, ಕಾಲು ಜೋಮು ಹಿಡಿದುದು ಬಿಡದಿದ್ದರೆ, ಬೆಳೆಯುವ ಮಗುವಿನ ತೊಡೆಗಳು ದಿನೇ ದಿನೇ ಸೆಟೆಯುತ್ತ ನಡಿಗೆ ಬದಲಾದರೆ, ಹಿಗ್ಗಿಸುವುದನ್ನೂ ತಿಕ್ಕಿಸುವುದನ್ನೂ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಬೆನ್ನುನೋವಿನೊಡನೆ ಮೂತ್ರ ಕಟ್ಟಿದರೆ, ಅಥವಾ ಕುಳಿತಾಗ ಆಸನಕ್ಕೆ ತಾಗುವ ಭಾಗದ ಸ್ಪರ್ಶಜ್ಞಾನ ಕುಂದಿದರೆ, ಮರುದಿನಕ್ಕೆಂದು ಕಾಯಬೇಡಿರಿ. ಅದೇ ದಿನ, ಅದೇ ಗಳಿಗೆ ದೊಡ್ಡಾಸ್ಪತ್ರೆಗೆ ಹೋಗಿರಿ. ಆ ನರಗಳ ಮೇಲಣ ಒತ್ತಡವನ್ನು ಶಸ್ತ್ರಕ್ರಿಯೆಯಿಂದ ಬಿಡಿಸಲು ಇರುವ ಕಾಲಾವಕಾಶ ಬಹಳ ಅಲ್ಪ.